ಶಟರ್ ಮಾಯಣ್ಣನ ಕೈ

ಚಾಮರಾಜಪೇಟೆ, ಬೆಂಗಳೂರು
9-1-2025

ಅಕ್ಕನಿಗೆ ನಮಸ್ಕಾರ.

ಬದುಕಿದ್ದೇನೆ. ಇದನ್ನೇ ಮೊದಲು ಬರೆಯುತ್ತಿದ್ದೇನೆ, ಯಾಕೆಂದರೆ ಕಾಗದ ಬಂತು ಅಂದರೆ ಯಾರೋ ಹೋದರು ಅಂತ ನೀನು ಎದೆ ಹಿಡಿದುಕೊಳ್ಳುತ್ತೀಯ. ನಮ್ಮ ಮನೆತನದಲ್ಲಿ ಎದೆ ಹಿಡಿದುಕೊಳ್ಳುವ ಕೆಲಸಕ್ಕೆ ಸದ್ಯಕ್ಕೆ ನಾನೊಬ್ಬ ಸಾಕು.

ಫೋನಿದ್ದೂ ಕಾಗದ ಯಾಕೆ ಅನ್ನಬೇಡ. ನಿನಗೆ ಕಿವಿ ಮಂದ. ನಾನು ಇಲ್ಲಿ ಮೆಲ್ಲಗೆ ಹೇಳಿದ್ದನ್ನು ನಿನ್ನ ಸೊಸೆ ಅಲ್ಲಿ ಸ್ಪೀಕರಿಗೆ ಹಾಕಿ, ಸಾಲದು ಅಂತ ತಾನೂ ಕೂಗಿ ಹೇಳುತ್ತಾಳೆ. ನನಗೆ ಮಲ ಕಟ್ಟಿದೆ ಎಂಬ ಸುದ್ದಿ ಹೋದ ವಾರ ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ತಿಳಿಯಿತಂತೆ. ಅವರಲ್ಲೊಬ್ಬರು ಫೋನ್ ಮಾಡಿ ಬಾಳೆಹಣ್ಣು ತಿನ್ನಲು ಹೇಳಿದರು. ಮಾನ ಉಳಿಯಬೇಕಾದರೆ ಇನ್ನು ಕಾಗದವೇ ಗತಿ.

ಆಸ್ಪತ್ರೆಗೆ ಬಂದ ದಿನ ನೀನು ನನ್ನ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಬೈಯಲಿಲ್ಲ, ಅಳಲಿಲ್ಲ. ನೀನು ಬೈಯದೇ ಇದ್ದದ್ದು ನೋಡಿ ನಾನು ಉಳಿಯುವುದಿಲ್ಲ ಅಂದುಕೊಂಡೆ. ಆಮೇಲೆ ಸ್ಟೆಂಟು ಹಾಕಿದರು, ಉಳಿದೆ.

ನನ್ನ ಕೆಲಸ ಏನು ಅಂತ ನಿನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಯಾರಾದರೂ ಕೇಳಿದರೆ ಬಾಗಿಲು ರಿಪೇರಿ ಅನ್ನುತ್ತೀಯ. ಅಂಗಡಿ ಶಟರಿನ ಮೇಲ್ತುದಿಯಲ್ಲಿ ಒಂದು ಪೈಪು ಇರುತ್ತದೆ, ಪೈಪಿನ ಸುತ್ತ ಸ್ಪ್ರಿಂಗು. ಸ್ಪ್ರಿಂಗಿಗೆ ಬಿಗಿ ಇದ್ದರೆ ಶಟರ್ ಎರಡು ಬೆರಳಿಗೆ ಮೇಲೇರುತ್ತದೆ. ಬಿಗಿ ಹೋದರೆ ಇಬ್ಬರು ಗಂಡಸರು ಎತ್ತಬೇಕು. ಏಣಿ ಮೇಲೆ ನಿಂತು, ರೆಂಚು ಹಾಕಿ ಪೈಪು ತಿರುವಿ, ಸ್ಪ್ರಿಂಗಿಗೆ ಮತ್ತೆ ಬಿಗಿ ಕೊಡುವುದೇ ನನ್ನ ಕೆಲಸ. ಹೆಚ್ಚಿನವರು ಇಬ್ಬಿಬ್ಬರು ಸೇರಿ ತಿರುವುತ್ತಾರೆ. ನಾನು ಒಬ್ಬನೇ ತಿರುವುತ್ತೇನೆ. ಅದಕ್ಕೇ ಪೇಟೆಯಲ್ಲಿ ನನಗೆ ಒಂಟಿಗೈ ಮಾಯಣ್ಣ ಅಂತ ಹೆಸರು.

ಕಡಲೆಕಾಯಿ ಪರಿಷೆಯ ಹಿಂದಿನ ವಾರ ಮಾಮೂಲ್‌ಪೇಟೆಯಲ್ಲಿ ಏಕಾಂತಯ್ಯನವರ ಹಿತ್ತಾಳೆ ಪಾತ್ರೆ ಅಂಗಡಿಯ ಶಟರ್ ತಿರುವುತ್ತಿದ್ದಾಗಲೇ ಎದೆ ಹಿಂಡಿದ್ದು. ಆ ಕೆಲಸ ಅರ್ಧಕ್ಕೆ ನಿಂತಿದೆ. ಒಬ್ಬ ಮೇಸ್ತ್ರಿ ಕೈ ಹಾಕಿದ ಶಟರನ್ನು ಅವನು ಹೇಳದೆ ಇನ್ನೊಬ್ಬ ಮುಟ್ಟುವಂತಿಲ್ಲ, ಅದು ನಮ್ಮ ಪದ್ಧತಿ. ಏಕಾಂತಯ್ಯನವರೂ ನಾನು ಬಂದೇ ಮುಗಿಸಲಿ ಅಂತ ಕಾಯುತ್ತಿದ್ದಾರೆ. ಅಂಗಡಿ ಆಳುಗಳು ಬೆಳಿಗ್ಗೆ ಸಾಯಂಕಾಲ ಹೆಗಲು ಕೊಟ್ಟು ಎತ್ತಿ ಇಳಿಸುತ್ತಿದ್ದಾರಂತೆ.

ಇಲ್ಲಿ ಹೆಂಡತಿ ಕಮಲಮ್ಮ ನನ್ನ ಸಾಮಾನಿನ ಚೀಲವನ್ನು ಅಟ್ಟದ ಮೇಲೆ ಹಾಕಿದ್ದಾಳೆ. ಮಗಳು ರಕ್ಷಿತಾ ಶೇಷಾದ್ರಿಪುರದ ಆಫೀಸಿಗೆ ಹೊರಡುವಾಗ ದಿನಾ ನನ್ನ ಕೆನ್ನೆ ತಟ್ಟಿ, ಅಪ್ಪ ನೀವು ಆರಾಮಾಗಿರಿ ಅನ್ನುತ್ತಾಳೆ. ಆರಾಮಿನಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ಕಿಟಕಿ ಪಕ್ಕ ಕುರ್ಚಿ ಹಾಕಿ ಕೂರಿಸುತ್ತಾರೆ. ದಾರಿಯಲ್ಲಿ ಹೋಗುವವರು ಪಾಪ ಅನ್ನುವ ಮುಖ ಮಾಡುತ್ತಾರೆ. ಅಕ್ಕ, ನಿನಗೆ ಒಬ್ಬಳಿಗೇ ಹೇಳುತ್ತೇನೆ: ಕೆಲಸಕ್ಕೆ ಹೋಗದಿದ್ದರೆ ನಾನು ಉಳಿದು ಏನು ಪ್ರಯೋಜನ ಅಂತ ತಿಳಿಯುತ್ತಿಲ್ಲ. ಡಾಕ್ಟರು ಇನ್ನೊಂದು ಪರೀಕ್ಷೆ ಮಾಡಬೇಕು ಅಂದಿದ್ದಾರೆ. ಅದರಲ್ಲಿ ಪಾಸಾದ ಮೇಲೆ ಹೋಗಿಯೇ ಹೋಗುತ್ತೇನೆ. ನೀನು ಆಶೀರ್ವಾದ ಮಾಡಿ ಬರೆ.

ನಿನ್ನ ತಮ್ಮ
ಮಾಯಣ್ಣ


ಹೊಸಪಾಳ್ಯ, ಮಾಗಡಿ ತಾಲೂಕು
20-1-2025

ಮಾಯಣ್ಣನಿಗೆ ಅಕ್ಕ ಮುನಿಯಕ್ಕ ಮಾಡುವ ಆಶೀರ್ವಾದ.

ಹಬ್ಬಕ್ಕೆ ಅವರೆಕಾಯಿ ಕಳಿಸಿದ್ದೆ, ತಲುಪಿತಂತೆ. ಹಿತಕಿದ ಬೇಳೆ ಸಾರು ಮಾಡಿದರೆ ಕಮಲಮ್ಮನಿಗೆ ಎಣ್ಣೆ ಕಡಿಮೆ ಹಾಕಲು ಹೇಳು. ಮಂಡಿ ನೋವಿನಿಂದ ನಾನು ಬಸ್ಸು ಹತ್ತಲಾರೆ, ಇಲ್ಲದಿದ್ದರೆ ಬಂದು ನಾನೇ ಮಾಡಿ ಹಾಕುತ್ತಿದ್ದೆ.

ನಿನ್ನ ಕಾಗದವನ್ನು ಸೊಸೆಗೆ ತೋರಿಸಿಲ್ಲ. ಹಿತ್ತಿಲಲ್ಲಿ ಕೂತು ಓದಿದೆ.

ನನ್ನ ಮಾತು ಕೇಳು. ಕಬ್ಬಿಣದ ಸಹವಾಸ ಸಾಕು. ದುಡಿದದ್ದು ದುಡಿದಾಯಿತು, ಮಗಳು ಕೈಗೆ ಬಂದಳು, ಬಾಡಿಗೆ ಕಟ್ಟಿಕೊಂಡು ಹೋಗುತ್ತಿದ್ದಾಳೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ. ಏನಾದರೂ ಮಾಡಲೇಬೇಕು ಅಂದರೆ ಗಾಂಧಿ ಬಜಾರಿನಲ್ಲಿ ಹೂವಿನ ಅಂಗಡಿ ಇಡು. ನೆರಳಲ್ಲಿ ಕೂತು ಮೊಳ ಹಾಕಿ ಕೊಡುವ ಕೆಲಸ. ಇಲ್ಲ, ಒಂದು ಸಣ್ಣ ಅಂಗಡಿ ಇಡು, ಪೆನ್ನು ಪುಸ್ತಕ ಮಾರು. ಯಾವುದಾದರೂ ಸರಿ. ಕಬ್ಬಿಣ ಮಾತ್ರ ಮುಟ್ಟಬೇಡ.

ಏಕಾಂತಯ್ಯನವರಿಗೆ ಬೇರೆ ಮೇಸ್ತ್ರಿಯನ್ನು ನೋಡಿಕೊಳ್ಳಲು ಹೇಳಿಬಿಡು. ಅಟ್ಟದ ಮೇಲಿನ ಚೀಲ ಅಲ್ಲೇ ಇರಲಿ. ಅದನ್ನು ಇಳಿಸಬೇಡ.

ಅಮ್ಮ ಹೋದಾಗ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಹೇಳುತ್ತಿದ್ದೇನೆ. ಮತ್ತೆ ಮತ್ತೆ ಹೇಳಿಸಬೇಡ.

ಮುನಿಯಕ್ಕ


ಚಾಮರಾಜಪೇಟೆ
2-2-2025

ಅಕ್ಕನಿಗೆ ನಮಸ್ಕಾರ.

ಆಶೀರ್ವಾದ ಕೇಳಿದರೆ ಹೂವಿನ ಅಂಗಡಿ ಕೊಟ್ಟೆ. ನನ್ನ ಕೈಯನ್ನು ಒಮ್ಮೆ ನೆನಪು ಮಾಡಿಕೋ. ಈ ಕೈಯಲ್ಲಿ ನಾನು ಮಲ್ಲಿಗೆ ಮೊಳ ಹಾಕಲು ಕೂತರೆ ಗಾಂಧಿ ಬಜಾರಿನ ಹೂವಾಡಗಿತ್ತಿಯರು ನಕ್ಕು ನಕ್ಕು ಅವರಿಗೇ ಹಾರ್ಟ್ ಅಟ್ಯಾಕ್ ಆದೀತು.

ಪರೀಕ್ಷೆ ಮುಗಿಯಿತು. ಓಡುವ ಪಟ್ಟಿಯ ಮೇಲೆ ನಿಲ್ಲಿಸಿ, ಎದೆಗೆಲ್ಲ ವಯರು ಅಂಟಿಸಿ ನಡೆಸಿದರು. ಪಾಸು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಗುಮುಖದವರು. ಏನು ಕೆಲಸ ಅಂತ ಕೇಳಿದರು. ಬಾಯಲ್ಲಿ ಹೇಳಿದರೆ ಅರ್ಥವಾಗಲಿಲ್ಲ, ಅವರ ಕೋಣೆಯ ಪರದೆ ಕಂಬಿಯನ್ನೇ ಹಿಡಿದು ಮಾಡಿ ತೋರಿಸಿದೆ. ನೋಡಿ ಒಂದು ನಿಯಮ ಹೇಳಿದರು: “ದಮ್ಮು ಕಟ್ಟಿ ಯಾವ ಕೆಲ್ಸಾನೂ ಮಾಡ್ಬೇಡಿ. ಮಾತಾಡ್ತಾ ಮಾಡಿ. ಮಾತು ನಿಲ್ತು ಅಂದ್ರೆ ಕೆಲ್ಸ ನಿಲ್ಸಿ.” ಮೊದಮೊದಲು ಸಣ್ಣ ಕೆಲಸ ಹಿಡಿಯಿರಿ, ಹೋಗಬಹುದು ಅಂದರು. ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕೆಲಸ ಮಾಡುವವನು ಅಂತ ನನಗೆ ಒಳ್ಳೆಯ ಹೆಸರಿತ್ತು, ಇನ್ನು ಅದೂ ಹೋಗುತ್ತದೆ.

ಡಾಕ್ಟರು ಒಪ್ಪಿದ ಮೇಲೆ ಒಪ್ಪದೇ ಇರುವವರು ನೀನೂ ಕಮಲಮ್ಮನೂ ಇಬ್ಬರೇ. ನಿನ್ನ ಕಾಗದದ ತುಂಬ ಕಬ್ಬಿಣ, ಕಬ್ಬಿಣ. ನನ್ನ ಕೆಲಸವನ್ನು ಬಾಗಿಲು ರಿಪೇರಿ ಅನ್ನುತ್ತಿದ್ದವಳು ನೀನು, ಇದ್ದಕ್ಕಿದ್ದಂತೆ ಕಬ್ಬಿಣ ಎಲ್ಲಿಂದ ಬಂತು? ಚೀಲ ಇಳಿಸಬೇಡ ಅಂತ ಬೇರೆ. ಇದು ಕಮಲಮ್ಮ ಹೇಳಿಕೊಟ್ಟು ಬರೆಸಿದ್ದು ಅಂತ ನನಗೆ ಗೊತ್ತು. ಅವಳಿಗೂ ನನಗೂ ನಾಲ್ಕು ದಿನದಿಂದ ಮಾತಿಲ್ಲ. ಊಟ ಬಡಿಸುತ್ತಾಳೆ, ಮಾತ್ರೆ ಎಣಿಸಿ ಇಡುತ್ತಾಳೆ, ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ಕೇಳಿದರೆ ನಾನೇನೂ ಹೇಳಿಲ್ಲ ಅನ್ನುತ್ತಾಳೆ.

ನೀವಿಬ್ಬರೂ ಸೇರಿ ನನ್ನನ್ನು ಮುಗಿದುಹೋದ ಸಾಮಾನು ಅಂತ ತೀರ್ಮಾನ ಮಾಡಿದ್ದೀರಿ. ನನಗೆ ಅದರಿಂದ ನೋವಾಗಿದೆ. ಅವಳು ಹೋಗಲಿ, ಹೆದರಿದ್ದಾಳೆ. ನೀನು ಹೀಗೆ ಅಂದುಕೊಂಡೆಯಲ್ಲ.

ಮಾಯಣ್ಣ


ಚಾಮರಾಜಪೇಟೆ
27-2-2025

ಅಕ್ಕ,

ಹೋದ ಕಾಗದಕ್ಕೆ ನಿನ್ನ ಉತ್ತರ ಬರಲಿಲ್ಲ. ಕೋಪ ಬಂದಿರಬೇಕು. ಇರಲಿ, ಇದನ್ನು ಓದಿದರೆ ನಿನಗೆ ಸಮಾಧಾನವಾಗಬಹುದು.

ನಿನ್ನೆ ಶಿವರಾತ್ರಿ. ಕಮಲಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ಅಟ್ಟದಿಂದ ಚೀಲ ಇಳಿಸಿದೆ. ಹಬ್ಬದ ದಿನ ಏಕಾಂತಯ್ಯನವರು ಪೂಜೆ ಮುಗಿಸಿ ಅಂಗಡಿಯನ್ನು ತಡವಾಗಿ ತೆಗೆಯುತ್ತಾರೆ, ಅಷ್ಟರೊಳಗೆ ಕೆಲಸ ಮುಗಿಸೋಣ ಅಂತ ಮಾಮೂಲ್‌ಪೇಟೆಗೆ ಆಟೋದಲ್ಲಿ ಹೋದೆ. ಅವರು ಆಗಲೇ ವಿಭೂತಿ ಹಚ್ಚಿಕೊಂಡು ಆಳುಗಳ ಜೊತೆ ಅಂಗಡಿ ಮುಂದೆ ನಿಂತಿದ್ದರು. ನನ್ನನ್ನು ನೋಡಿ ಸಂತೋಷವೂ ಆಯಿತು, ಭಯವೂ ಆಯಿತು ಅವರಿಗೆ. ಒಬ್ಬನೇ ಬಂದೆಯಾ ಅಂತ ಕೇಳಿದರು. ಯಾವಾಗ ನಾನು ಇಬ್ಬರಾಗಿ ಬಂದಿದ್ದೇನೆ ಅಂದೆ.

ಏಣಿ ಹತ್ತಿದೆ, ರೆಂಚು ಹಾಕಿದೆ. ಡಾಕ್ಟರಮ್ಮ ಹೇಳಿದಂತೆ ಮಾತು ಶುರು ಮಾಡಿದೆ. ನಮ್ಮೂರಿನ ಕೆರೆ, ಅಪ್ಪನ ಎತ್ತು, ಬಾಯಿಗೆ ಬಂದದ್ದೆಲ್ಲ ಹೇಳುತ್ತಾ ಮೊದಲ ಸುತ್ತು ತಿರುವಿದೆ. ಎರಡನೇ ಸುತ್ತಿನಲ್ಲಿ ಮಾತು ನಿಂತಿತು. ನೋವಿಲ್ಲ, ಉಬ್ಬಸವಿಲ್ಲ. ಸುಮ್ಮನೆ ಭಯ. ಇದೇ ಏಣಿ, ಇದೇ ಪೈಪು ಅನ್ನಿಸಿತು. ಕೈ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಆ ಸ್ಥಿತಿಯಲ್ಲಿ ಕೈ ಬಿಟ್ಟರೆ ರೆಂಚು ಗಿರ್ರನೆ ಹಿಂದಕ್ಕೆ ತಿರುಗಿ ಮುಖ ಒಡೆಯುತ್ತದೆ. ಹಾಗೇ ನಿಂತೆ. ಅಂಗಡಿ ಆಳುಗಳು ಸ್ಟೂಲು ಹಾಕಿ ಹತ್ತಿ ಪೈಪು ಹಿಡಿದುಕೊಂಡರು. ನನ್ನನ್ನು ಸೊಂಟ ಹಿಡಿದು ಇಳಿಸಿದರು, ಮಗುವನ್ನು ಇಳಿಸಿದ ಹಾಗೆ.

ಏಕಾಂತಯ್ಯನವರು ನೀರು ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: “ನಿನ್ ಮಾತಿಗೋಸ್ಕರ ಕಾದೆ ಮಾಯಣ್ಣ. ಇನ್ ಕಾಯಕ್ಕಾಗಲ್ಲ. ಕಾಳಪ್ಪಂಗೆ ನೀನೇ ಒಂದ್ ಮಾತು ಹೇಳ್ಬಿಡು.” ಕಾಳಪ್ಪ ಬಿನ್ನಿಪೇಟೆಯ ಶಟರ್ ಮೇಸ್ತ್ರಿ, ಅವನೂ ನನ್ನ ಹಾಗೆ ಒಬ್ಬನೇ ತಿರುವುವವನು. ಇಪ್ಪತ್ತು ವರ್ಷದಿಂದ ನನಗೂ ಅವನಿಗೂ ಪೈಪೋಟಿ. ಏಕಾಂತಯ್ಯನವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪಕ್ಕದ ಓಣಿಗೆ ಹೋಗಿ ಅತ್ತುಬಿಟ್ಟೆ.

ಮತ್ತೆ ಆಸ್ಪತ್ರೆಗೂ ಹೋಗಿ ಬಂದೆ. ಎದೆ ಚೆನ್ನಾಗಿದೆಯಂತೆ. ಡಾಕ್ಟರಮ್ಮ ಬೈದರು. ಹೋದ ಸಲವೇ ಅವರು ಒಬ್ಬರೇ ಮಾಡಬೇಡಿ, ಜೊತೆಗೆ ಒಬ್ಬರಿರಲಿ ಅಂದಿದ್ದರು. ಅದನ್ನು ನಿನಗೆ ಬರೆದಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ.

ಈಗ ನೀನು ಗೆದ್ದೆ ಅಂದುಕೋ. ಆದರೆ ನಾನು ಇಲ್ಲಿಗೇ ಬಿಡುವವನಲ್ಲ. ಭಯ ಬಂದದ್ದು ಹೋಗಲೂಬೇಕು.

ಮಾಯಣ್ಣ


ಹೊಸಪಾಳ್ಯ
8-3-2025

ಮಾಯಣ್ಣ,

ನಿನ್ನ ಕಾಗದ ಓದಿದೆ. ಎರಡು ದಿನ ಅನ್ನ ಇಳಿಯಲಿಲ್ಲ. ಇನ್ನು ಮುಚ್ಚಿಡುವುದಿಲ್ಲ.

ಕಮಲಮ್ಮನನ್ನು ಬೈಯಬೇಡ. ಅವಳು ನನಗೆ ಏನೂ ಹೇಳಿಕೊಟ್ಟಿಲ್ಲ.

ನಿನಗೆ ಹಾಗಾದ ದಿನ ಸೊಸೆಗೆ ಫೋನು ಬಂತು. ಕಬ್ಬಿಣ ಹಿಡಿದುಕೊಂಡೇ ಬಿದ್ದನಂತೆ, ಉಳಿಯುವುದು ಕಷ್ಟವಂತೆ ಅಂತ ಅವಳು ನನ್ನ ಕಿವಿಯಲ್ಲಿ ಕೂಗಿದಳು. ಕಾರು ಬರಲು ಹೊತ್ತಾಗುತ್ತದೆ ಅಂದರು. ನಾನು ಮಾರಮ್ಮನ ಗುಡಿಗೆ ಓಡಿದೆ. ಓಡಿದೆ ಅಂದರೆ ಈ ಮಂಡಿಯಲ್ಲಿ ಎಷ್ಟು ಆಗುತ್ತದೋ ಅಷ್ಟು. ಬಾಗಿಲು ಹಾಕಿತ್ತು. ಹೊಸ್ತಿಲಿಗೆ ತಲೆ ಚಚ್ಚಿಕೊಂಡು ಕೇಳಿದೆ: “ನನ್ ತಮ್ಮನ್ ಉಳ್ಸ್ಕೊಡವ್ವ. ಅವ್ನು ಇನ್ನೆಂದೂ ಕಬ್ಣ ಮುಟ್ಟಾಕಿಲ್ಲ.”

ಯಾಕೆ ಹಾಗೆ ಅಂದೆನೋ ಕಾಣೆ. ಕೋಳಿ ಕೊಡುತ್ತೇನೆ ಅಂದಿದ್ದರೆ ಆಗುತ್ತಿತ್ತು. ಕುರಿ ಅಂದಿದ್ದರೂ ಆಗುತ್ತಿತ್ತು. ಕಬ್ಬಿಣ ಹಿಡಿದೇ ಬಿದ್ದ ಅಂತ ಕಿವಿಗೆ ಬಿದ್ದಿತ್ತು, ಅದೇ ಬಾಯಿಗೆ ಬಂತು. ನಾನು ಆಸ್ಪತ್ರೆಗೆ ಬರುವ ಹೊತ್ತಿಗೆ ನೀನು ಕಣ್ಣು ಬಿಟ್ಟಿದ್ದೆ. ಕೇಳಿದ್ದನ್ನು ಮಾರಮ್ಮ ಕೊಟ್ಟಾಗಿತ್ತು. ಅದಕ್ಕೇ ಅಲ್ಲಿ ಸುಮ್ಮನೆ ಕೂತಿದ್ದೆ. ನಿನ್ನ ಕೈ ಹಿಡಿದುಕೊಂಡು, ಈ ಕೈಯನ್ನು ಕೊಟ್ಟುಬಿಟ್ಟೆನಲ್ಲ ಅಂತ ನೋಡುತ್ತಿದ್ದೆ.

ನೀನು ಮುಗಿದುಹೋದೆ ಅಂತ ನಾನು ಅಂದುಕೊಳ್ಳಲಿಲ್ಲಪ್ಪ. ಆ ಮಾತು ಬರೆದೆಯಲ್ಲ, ಹೊಟ್ಟೆ ಉರಿಯಿತು.

ಈಗ ಏಣಿ ಮೇಲೆ ನಿನ್ನ ಕೈ ನಿಂತಿತು ಅನ್ನುತ್ತೀಯ. ನೋವಿಲ್ಲ, ಉಬ್ಬಸವಿಲ್ಲ, ಸುಮ್ಮನೆ ನಿಂತಿತು ಅನ್ನುತ್ತೀಯ. ಅದು ನಿನ್ನ ಭಯ ಅಲ್ಲ. ಅವಳು ಹಿಡಿದಳು. ಒಂದು ಸಲ ಎಚ್ಚರಿಸಿದ್ದಾಳೆ, ಇನ್ನೊಂದು ಸಲ ಎಚ್ಚರಿಸುವುದಿಲ್ಲ. ಕೈ ಮುಗಿದು ಕೇಳುತ್ತೇನೆ, ದೊಡ್ಡವಳು ಚಿಕ್ಕವನಿಗೆ ಕೈ ಮುಗಿಯಬಾರದು, ಆದರೂ ಮುಗಿಯುತ್ತೇನೆ. ಆ ಚೀಲ ಯಾರಿಗಾದರೂ ಕೊಟ್ಟುಬಿಡು.

ಮುನಿಯಕ್ಕ


ಚಾಮರಾಜಪೇಟೆ
15-3-2025

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ಮೊದಲು ಕೋಪ ಬಂತು. ಉತ್ತರ ಬರೆಯಲು ಕೂತರೆ ಬರೀ ಬೈಗುಳ ಬರುತ್ತಿತ್ತು, ಹರಿದು ಹಾಕಿದೆ. ಕೆಂಪೇಗೌಡ ನಗರದವರೆಗೂ ನಡೆದು ಬಂದು ಈಗ ಬರೆಯುತ್ತಿದ್ದೇನೆ.

ಮೊದಲು ಕಮಲಮ್ಮನ ವಿಷಯ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿ ತಪ್ಪಾಯಿತು ಅಂದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗಾಗಿತ್ತು ನನ್ನದು. ಅವಳು ಚೀಲ ತಂದು ನನ್ನ ಮುಂದೆ ಬಿಚ್ಚಿದಳು. ಶಿವರಾತ್ರಿ ದಿನ ಅವಸರದಲ್ಲಿ ರೆಂಚು ಎಳೆದುಕೊಂಡವನು ಇದನ್ನು ಗಮನಿಸಿರಲಿಲ್ಲ. ರೆಂಚು, ಸುತ್ತಿಗೆ, ಉಳಿ, ಎಲ್ಲಕ್ಕೂ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾಳೆ. ತಿಂಗಳು ತಿಂಗಳೂ ಇಳಿಸಿ ಒರೆಸಿ ಇಡುತ್ತಿದ್ದಳಂತೆ. ಯಾಕೆ ಅಂದರೆ, “ತುಕ್ಕು ಹಿಡಿದ್ರೆ ನೀವು ಎದ್ದ್ ಮೇಲೆ ನನ್ನೇ ಬೈತಿದ್ರಿ” ಅಂದಳು. ನಾನು ಏಳುತ್ತೇನೆ ಅಂತ ಈ ಮನೆಯಲ್ಲಿ ನನಗಿಂತ ಮೊದಲು ನಂಬಿದವಳು ಅವಳು. ಅವಳ ಜೊತೆ ಅಷ್ಟು ದಿನ ಮಾತು ಬಿಟ್ಟಿದ್ದೆ.

ಈಗ ನಿನ್ನ ವಿಷಯ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಹರಕೆ ಹೊರುವವರು ತಮ್ಮ ಮನೆಯ ಕೋಳಿ ಕೊಡಬೇಕು, ಪಕ್ಕದ ಮನೆಯದಲ್ಲ. ನನ್ನ ಕೈ ನನ್ನದು. ನನ್ನನ್ನು ಕೇಳದೆ ನೀನು ಹೇಗೆ ಕೊಟ್ಟೆ? ಕೊಟ್ಟಿದ್ದೂ ಹೇಗೆ, ಕಬ್ಬಿಣ ಮುಟ್ಟುವುದಿಲ್ಲ ಅಂತ. ಆಸ್ಪತ್ರೆಯ ಮಂಚ ಕಬ್ಬಿಣ. ನಮ್ಮ ಮನೆ ಗೇಟು, ಬಿಎಂಟಿಸಿ ಬಸ್ಸಿನ ಕಂಬಿ, ಕಮಲಮ್ಮನ ದೋಸೆ ಕಾವಲಿ, ಎಲ್ಲವೂ ಕಬ್ಬಿಣ. ಲೆಕ್ಕ ಹಾಕಿದರೆ ನಿನ್ನ ಹರಕೆಯನ್ನು ನಾನು ಡಿಸ್ಚಾರ್ಜ್ ಆಗುವ ಮೊದಲೇ ಮುರಿದಾಗಿದೆ.

ನಗಬೇಡ. ನನಗೂ ನಗು ಬಂತು, ಆಮೇಲೆ ನಿಂತಿತು. ಮಾರಮ್ಮನ ಹೊಸ್ತಿಲಿಗೆ ನೀನು ತಲೆ ಚಚ್ಚಿಕೊಂಡದ್ದು ಕಣ್ಣಿಗೆ ಕಟ್ಟುತ್ತದೆ. ನಾನು ಉಳಿದದ್ದು ಸ್ಟೆಂಟಿನಿಂದಲೋ ನಿನ್ನ ಹಣೆಯಿಂದಲೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ನಿನ್ನನ್ನು ಹೀಯಾಳಿಸುವಷ್ಟು ದೊಡ್ಡವನಾಗಿಲ್ಲ.

ಬಿನ್ನಿಪೇಟೆಗೆ ಹೋಗಿ ಕಾಳಪ್ಪನನ್ನು ನೋಡಿದೆ. ಏಕಾಂತಯ್ಯನವರ ಶಟರನ್ನು ನೀನೇ ಮುಗಿಸು ಅಂತ ಹೇಳಿಬಿಡೋಣ ಅಂತಲೇ ಹೋಗಿದ್ದು. ಬಾಗಿಲಲ್ಲಿ ನಿಂತಾಗ ಬೇರೆ ಮಾತು ಬಂತು. ಇಬ್ಬರೂ ಸೇರಿ ಮಾಡೋಣವಾ ಅಂತ ಕೇಳಿದೆ. ಅವನು ನನ್ನನ್ನು ಒಳಗೆ ಕರೆದು ಕೂರಿಸಿದ. “ನಂಗೂ ಏಣಿ ಮೇಲೆ ಕಾಲು ನಡುಗ್ತಿದೆ ಗುರು. ಕೇಳೋಕೆ ನಾಚ್ಕೆ ಆಗ್ತಿತ್ತು” ಅಂದ. ಇಪ್ಪತ್ತು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಒಂಟಿಗೈ ಆಗಿದ್ದೆವು ಅಂತ ಕಾಣುತ್ತದೆ. ಅವನು ತಿರುವುತ್ತಾನೆ, ನಾನು ಬಿಗಿ ನೋಡಿ ಬೋಲ್ಟು ಹಾಕುತ್ತೇನೆ. ಭಾರ ಅವನದು, ಅದೂ ಚೈನ್ ಪುಲ್ಲಿ ಕಟ್ಟಿ. ಡಾಕ್ಟರಮ್ಮನೂ ಒಪ್ಪಿದ್ದಾರೆ.

ಇನ್ನು ಉಳಿದದ್ದು ನಿನ್ನ ಮಾರಮ್ಮ. ನಿನಗೆ ಕದ್ದು ಹೋಗಬಲ್ಲೆ. ಆದರೆ ಏಣಿ ಮೇಲೆ ನಿಂತಾಗ ನಿನ್ನ ಮಾತು ನೆನಪಾದರೆ ಕೈ ಮತ್ತೆ ನಿಲ್ಲುತ್ತದೆ. ಹಾಗಾಗಿ ನೀನು ಬಿಡಿಸುವವರೆಗೆ ರೆಂಚು ಮುಟ್ಟುವುದಿಲ್ಲ. ಕಟ್ಟಿದವಳು ನೀನು, ಬಿಚ್ಚಬೇಕಾದವಳೂ ನೀನೇ. ಗುಡಿಗೆ ಹೋಗಿ ಹೂ ಕೇಳು, ಬಲಗಡೆಯದು ಬಿದ್ದರೆ ಅವಳು ಒಪ್ಪಿದ ಹಾಗೆ. ಯುಗಾದಿ ಕಳೆಯುವವರೆಗೆ ಕಾಯುತ್ತೇನೆ.

ಮಾಯಣ್ಣ


ಹೊಸಪಾಳ್ಯ
2-4-2025

ಮಾಯಣ್ಣನಿಗೆ ಆಶೀರ್ವಾದ.

ನಿನ್ನೆ ಮಂಗಳವಾರ ಗುಡಿಗೆ ಹೋಗಿ ಹೂ ಕೇಳಿದೆ. ಬಲಗಡೆ ಬಂತು.

ಕೆಲಸಕ್ಕೆ ಹೋಗು. ಹೊಟ್ಟೆಗೆ ತಿಂದು ಹೋಗು. ಕಾಳಪ್ಪ ಇಲ್ಲದೆ ಏಣಿ ಹತ್ತಬೇಡ. ಮಾತ್ರೆ ತಪ್ಪಿಸಬೇಡ.

ಮುನಿಯಕ್ಕ


ಚಾಮರಾಜಪೇಟೆ
20-4-2025

ಅಕ್ಕನಿಗೆ ನಮಸ್ಕಾರ.

ಮುಗಿಸಿದೆವು. ಏಕಾಂತಯ್ಯನವರ ಶಟರ್ ಮುಗಿಯಿತು.

ನಿನ್ನ ಕಾಗದವನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಅಕ್ಕಪಕ್ಕದ ಅಂಗಡಿಯವರೆಲ್ಲ ನೋಡಲು ನಿಂತಿದ್ದರು. ನನಗೂ ಕಾಳಪ್ಪನಿಗೂ ಒಂದೇ ಏಣಿಯ ಪಕ್ಕ ಕೆಲಸ ಅಂದರೆ ಅವರಿಗೆ ಸಿನಿಮಾ. ಕಾಳಪ್ಪ ಪುಲ್ಲಿ ಕಟ್ಟಿ ತಿರುವಿದ, ನಾನು ಪೈಪಿನ ಮೇಲೆ ಕೈ ಇಟ್ಟುಕೊಂಡು ಬಿಗಿ ನೋಡುತ್ತಿದ್ದೆ. ಬಾಯಿ ಒಂದು ಗಳಿಗೆಯೂ ಮುಚ್ಚಲಿಲ್ಲ. ಮಾತು ಮುಗಿದು ಹೋಗಿ ಕೊನೆಗೆ ಕಾಳಪ್ಪ ಕೆಡಿಸಿದ ಶಟರ್‌ಗಳನ್ನೆಲ್ಲ ಒಂದೊಂದಾಗಿ ಹೇಳತೊಡಗಿದೆ. ಎದುರು ಅಂಗಡಿಯವರು, “ಮಾಯಣ್ಣ, ಹಾರ್ಟಿಗಲ್ಲ, ನಾಲ್ಗೆಗೆ ಹಾಕವ್ರೆ ಸ್ಟೆಂಟು” ಅಂದರು. ಎರಡನೇ ಸುತ್ತು ಬಂದಾಗ ಭಯ ಬಂತು. ಜೇಬು ಮುಟ್ಟಿ ನೋಡಿಕೊಂಡೆ. ಕೈ ನಿಲ್ಲಲಿಲ್ಲ.

ರಿಪೇರಿಯಾದ ಶಟರನ್ನು ಮೊದಲು ಮೇಸ್ತ್ರಿ ಎತ್ತಬೇಕು, ಆಮೇಲೆ ಯಜಮಾನರು. ಕಾಳಪ್ಪ ನೀನೇ ಎತ್ತು ಅಂದ. ಎರಡು ಬೆರಳು ಹಾಕಿದೆ. ಹೋಯಿತು ಮೇಲಕ್ಕೆ. ಏಕಾಂತಯ್ಯನವರು ಒಳಗೆ ಹೋಗಿ ಒಂದು ಹಿತ್ತಾಳೆ ಚೊಂಬು ತಂದು ಕೈಯಲ್ಲಿಟ್ಟರು. ಅಂಥ ಸಂತೋಷವನ್ನು ಮಗಳು ಹುಟ್ಟಿದಾಗ ಪಟ್ಟಿದ್ದೆ, ಆಮೇಲೆ ಅವತ್ತೇ. ಈಗ ಮಲ್ಲೇಶ್ವರದಿಂದಲೂ ಕರೆ ಬರುತ್ತಿದೆ. ವಾರಕ್ಕೆ ಎರಡೇ ಕೆಲಸ ಹಿಡಿಯುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

ಇಷ್ಟು ಬರೆದು ಮುಗಿಸಬೇಕಿತ್ತು. ಆದರೆ ಈ ಸುದ್ದಿ ಹೇಳಲು ಕಮಲಮ್ಮ ನಿನ್ನ ಸೊಸೆಗೆ ಫೋನ್ ಮಾಡಿದಳು. ಹೂ ಕೇಳಿದ ದಿನದಿಂದ ನೀನು ಎಲೆ ಅಡಿಕೆ ಬಿಟ್ಟಿದ್ದೀಯಂತೆ. ಮಂಗಳವಾರ ಒಪ್ಪತ್ತಂತೆ. ಕೇಳಿದರೆ ಹಲ್ಲುನೋವು ಅನ್ನುತ್ತೀಯಂತೆ. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಗಂಡನನ್ನು ಕಳೆದುಕೊಂಡ ವಾರದಲ್ಲೂ ಎಲೆ ಅಡಿಕೆ ಬಿಡದವಳು ನೀನು.

ಬಲಗಡೆ ಹೂ ಕೊಟ್ಟ ದೇವರಿಗೆ ಇಷ್ಟೆಲ್ಲ ಯಾಕೆ ಕೊಡುತ್ತಿದ್ದೀಯ? ಆ ದಿನ ಏನು ನಡೆಯಿತು, ಇದ್ದದ್ದು ಇದ್ದ ಹಾಗೆ ಬರೆ. ನಿನ್ನ ಉತ್ತರ ಬರುವವರೆಗೆ ಮಲ್ಲೇಶ್ವರದ ಕೆಲಸಕ್ಕೆ ಹೋಗುವುದಿಲ್ಲ. ಕಾಳಪ್ಪನಿಗೂ ಹೇಳಿದ್ದೇನೆ.

ಮಾಯಣ್ಣ


ಹೊಸಪಾಳ್ಯ
28-4-2025

ಮಾಯಣ್ಣ,

ಎಡಗಡೆ ಬಿತ್ತು.

ಬೆಳಿಗ್ಗೆ ಸ್ನಾನ ಮಾಡಿ ಹೋಗಿ ಕೂತೆ. ಪೂಜಾರಿ ಶೀನಣ್ಣ ಮಾರಮ್ಮನ ತಲೆ ಮೇಲೆ ಎರಡೂ ಕಡೆ ಹೂವಿಟ್ಟ. ಬಿಸಿಲೇರಿದ ಮೇಲೆ ಹೂ ಬಿತ್ತು, ಎಡಗಡೆಯದು. ಇನ್ನೊಂದು ಸಲ ಇಡು ಅಂದೆ. ಮತ್ತೆ ಎಡಗಡೆಯದೇ. ಅಮ್ಮ ಒಪ್ಪಲಿಲ್ಲ, ಮನೆಗೆ ಹೋಗು ಅಂದ ಶೀನಣ್ಣ. ನೀನು ಹೊರಗೆ ಹೋಗು, ನಮ್ಮದು ಮಾತಿದೆ ಅಂತ ಅವನನ್ನೇ ಹೊರಗೆ ಕಳಿಸಿದೆ.

ಕೂತು ಯೋಚಿಸಿದೆ. ನಿನ್ನ ಮೊದಲನೇ ಕಾಗದ ನೆನಪಾಯಿತು, ಉಳಿದು ಏನು ಪ್ರಯೋಜನ ಅಂತ ಬರೆದಿದ್ದೆಯಲ್ಲ. ಆಗ ನನಗೆ ಸಿಟ್ಟು ಬಂತು ನೋಡು. ಎದ್ದು ನಿಂತು ಹೇಳಿದೆ: “ನಾನ್ ಕೇಳಿದ್ದು ನನ್ ತಮ್ಮನ್ನ. ಕಿಟ್ಕಿ ತಾವ ಕೂತ್ಕಂಡ್ ಯಾಕ್ ಉಳಿದ್ನೋ ಅನ್ನೋನ್ನ ಅಲ್ಲ. ಅವ್ನ್ ಕೈ ನಂದಲ್ಲ, ಕೊಟ್ಟಿದ್ದು ನನ್ ತಪ್ಪು. ವಾಪಸ್ ತಗೊಂಡೆ. ಬಾಕಿ ಏನಿದ್ರೂ ನನ್ ತಾವ ವಸೂಲ್ ಮಾಡ್ಕೊ, ಅವನ್ ತಂಟೆಗ್ ಹೋಗ್ಬೇಡ.” ಮೂರನೇ ಸಲ ಹೂ ಇಡಿಸಲಿಲ್ಲ. ಅವಳ ಉತ್ತರ ಕೇಳಲು ನಾನು ನಿಲ್ಲಲಿಲ್ಲ.

ನಿನಗೆ ಬಲಗಡೆ ಅಂತ ಸುಳ್ಳು ಬರೆದೆ. ಎಡಗಡೆ ಅಂದಿದ್ದರೆ ನೀನು ಏಣಿ ಹತ್ತುತ್ತಿರಲಿಲ್ಲ. ಹತ್ತಿದರೂ ಕೈ ನಿಲ್ಲುತ್ತಿತ್ತು. ಎಲೆ ಅಡಿಕೆ ನನ್ನದು, ಒಪ್ಪತ್ತು ನನ್ನದು, ಅದನ್ನು ಯಾರನ್ನೂ ಕೇಳದೆ ಕೊಡಬಹುದು. ಕೊಟ್ಟಿದ್ದೇನೆ. ಬಾಯಿ ಬಹಳ ತುರಿಸುತ್ತದೆ, ಸೊಸೆ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಅವಳು ನಿನಗೆ ದೂರು ಹೇಳಿದ್ದು ಅದಕ್ಕೇ ಇರಬೇಕು.

ಭಯ ಇಲ್ಲವಾ ಅಂದರೆ ಇದೆ. ಸೊಸೆಯ ಫೋನು ಬೆಳಗಿದರೆ ಸಾಕು, ಅವಳ ಮುಖ ನೋಡುತ್ತೇನೆ. ಅವಳು ನಕ್ಕರೆ ಉಸಿರು ಬಿಡುತ್ತೇನೆ. ನೀನು ಶಟರ್ ಎತ್ತಿದೆ ಅಂತ ತಿಳಿದ ದಿನವೂ ಹಾಗೇ ಉಸಿರು ಬಿಟ್ಟೆ. ಆಮೇಲೆ ಹಿತ್ತಿಲಿಗೆ ಹೋಗಿ ಒಬ್ಬಳೇ ನಕ್ಕೆ. ಮಾರಮ್ಮ ಎಡಗಡೆ ಕೊಟ್ಟಳು, ನೀನು ಎರಡು ಬೆರಳಲ್ಲಿ ಎತ್ತಿದೆ.

ಈಗ ನಿಜ ತಿಳಿಯಿತು ಅಂತ ಕೆಲಸ ನಿಲ್ಲಿಸಿ ಕೂರುತ್ತೀಯ, ನನಗೆ ಗೊತ್ತು. ಕೂತೆ ಅಂದರೆ ಅವಳು ಗೆದ್ದಳು, ನಾನು ಎಲೆ ಅಡಿಕೆಯನ್ನೂ ಕಳೆದುಕೊಂಡು ಸೋತೆ. ಅವಳೂ ಹೆಂಗಸು, ನಾನೂ ಹೆಂಗಸು, ನಮ್ಮ ಜಗಳ ನಾವು ನೋಡಿಕೊಳ್ಳುತ್ತೇವೆ. ನೀನು ನಡುವೆ ಬರಬೇಡ. ಈ ಕಾಗದ ಮುಟ್ಟಿದ ಮಾರನೇ ದಿನ ಮಲ್ಲೇಶ್ವರದ ಕೆಲಸಕ್ಕೆ ಹೋಗಬೇಕು. ಹೋಗಿ ಬಂದು ಬರೆ. ಮಂಗಳವಾರ ಗುಡಿಗೆ ಹೋಗಿ ಅವಳ ಮುಂದೆ ನಾನು ಅದನ್ನು ಗಟ್ಟಿಯಾಗಿ ಓದಬೇಕು.

ಮುನಿಯಕ್ಕ